ದಿನಕ್ಕೆ ಐದು ಗರ

ಲಾಕ್‌ಡೌನಿನಲ್ಲಿ ಜನ ಏನೇನೋ ಕಲಿತರು. ಯಾರೋ ಮನೆಯಲ್ಲೇ ಬ್ರೆಡ್ ಮಾಡಲು ಕಲಿತರು, ಯಾರೋ ಗಿಟಾರ್ ಹಿಡಿದು ಕೂತರು, ನಮ್ಮ ಸೊಸೈಟಿಯ ಚೇರ್ಮನ್ನರು ಬಾಲ್ಕನಿಯಲ್ಲಿ ನಿಂತು ಸೀಟಿ ಊದುವುದನ್ನು ಕಲಿತರು. ನಾನು ಮಲಗುವುದನ್ನು ಕಲಿತೆ. ನಿದ್ದೆಯ ಮಾತಲ್ಲ ಇದು. ಹಾಲಿನ ಬರಿ ನೆಲದ ಮೇಲೆ ಚಾಪೆಯಿಲ್ಲದೆ ಅಡ್ಡಾಗುವುದು, ಬೆನ್ನಡಿಯ ಫರಶಿಕಲ್ಲು ಬಿಸಿಯಾದ ಮೇಲೆ ಪಕ್ಕದ ತಣ್ಣನೆಯ ಫರಶಿಗೆ ಹೊರಳುವುದು. ಗೋಡೆಯಿಂದ ಗೋಡೆಗೆ ಹನ್ನೊಂದು ಫರಶಿ. ಬೆಳಿಗ್ಗೆ ಟಿವಿಯ ಕಡೆಯಿಂದ ಹೊರಟರೆ ಊಟದ ಹೊತ್ತಿಗೆ ಅಡಿಗೆಮನೆಯ ಬಾಗಿಲು ಮುಟ್ಟುತ್ತಿದ್ದೆ.

ಅದಕ್ಕೆ ಮೊದಲು ಇಪ್ಪತ್ತೊಂಬತ್ತು ವರ್ಷ ಪುಣೆಯ ಶಿವಾಜಿನಗರದಿಂದ ಚಿಂಚವಾಡಕ್ಕೆ ಲೋಕಲ್ ರೈಲು ಹಿಡಿದು ಓಡಾಡಿದವನು ನಾನು. ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ. ಕಾರ್ಖಾನೆಯೇ ಬಂದಾದ ಮೇಲೆ ಸ್ಟೋರ್ಸಿನವನಿಗೆ ಮನೆಯಿಂದ ಮಾಡುವ ಕೆಲಸ ಏನಿರುತ್ತದೆ? ಆದರೂ ದಿನಾ ಹನ್ನೊಂದಕ್ಕೆ ಮ್ಯಾನೇಜರರ ಫೋನ್ ಮೀಟಿಂಗ್ ಇತ್ತು. ಎಂಟು ಜನ ಒಬ್ಬರಿಗೊಬ್ಬರು ಮರಾಠಿಯಲ್ಲಿ ‘ಕೇಳಿಸ್ತಾ ಇದೆಯಾ’ ಎಂದು ಕೇಳುವುದರಲ್ಲಿ ಅರ್ಧ ಗಂಟೆ ಕಳೆದು, ಕೇಳಿಸಲು ಶುರುವಾದಾಗ ಹೇಳಲು ಯಾರ ಬಳಿಯೂ ಏನೂ ಇರುತ್ತಿರಲಿಲ್ಲ. ಆಮೇಲೆ ಇಡೀ ದಿನ ಖಾಲಿ. ಡ್ರಾವರಿನಲ್ಲಿದ್ದ ಹಳೆಯ ಕೀಲಿಕೈಗಳನ್ನೆಲ್ಲ ಹೊರತೆಗೆದು ಒಂದೊಂದನ್ನೂ ಮನೆಯ ಎಲ್ಲ ಕೀಲಿಗಳಿಗೆ ಹಾಕಿ ನೋಡಿದೆ. ಒಂದೂ ಹೊಂದಲಿಲ್ಲ, ಮತ್ತೆ ಡ್ರಾವರಿಗೇ ಹಾಕಿದೆ. ಬಿಸ್ಕತ್ತು ಪುಡಿಕೆಯ ಹಿಂದೆ ಬರೆದದ್ದನ್ನು ಓದಿದೆ. ಎದುರಿನ ಬಿಲ್ಡಿಂಗಿನವರು ಯಾವ ದಿನ ಯಾವ ಬಟ್ಟೆ ಒಣಹಾಕುತ್ತಾರೆಂಬುದು ನನಗೆ ಬಾಯಿಪಾಠವಾಗಿತ್ತು. ಏನೂ ಮಾಡದೆ ಮನುಷ್ಯ ಇಷ್ಟು ದಣಿಯಬಹುದು ಅಂತ ನನಗೆ ಗೊತ್ತಿರಲಿಲ್ಲ. ಸಂಜೆ ಆರಕ್ಕೆಲ್ಲ ಮೂಟೆ ಹೊತ್ತವನ ಹಾಗೆ ಮೈಕೈ ನೋಯುತ್ತಿತ್ತು.

“ಸ್ವಲ್ಪ ಎದ್ದು ಕಾಲರೆ ಆಡಸ್ರಿ,” ಎನ್ನುತ್ತಿದ್ದಳು ಹೆಂಡತಿ, ನನ್ನನ್ನು ದಾಟಿಕೊಂಡು ಕಸ ಹೊಡೆಯುತ್ತ. ನಾನು ಇನ್ನೊಂದು ಫರಶಿ ಹೊರಳುತ್ತಿದ್ದೆ.

ಮನೆಯಲ್ಲಿ ನಾವು ಮೂರೇ ಜನ. ನಾನು, ಅವಳು, ನನ್ನ ಅಪ್ಪ. ಅಪ್ಪನಿಗೆ ಎಂಬತ್ತೊಂದು. ಇಪ್ಪತ್ತರ ವಯಸ್ಸಿನಲ್ಲಿ ಧಾರವಾಡ ಬಿಟ್ಟು ಪುಣೆಗೆ ಬಂದು, ಲಕ್ಷ್ಮಿ ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹಿಂದಿನ ವರ್ಷವಷ್ಟೇ ಅವರ ಎದೆಗೆ ಎರಡು ಸ್ಟೆಂಟ್ ಹಾಕಿಸಿದ್ದೆವು. ಪೇಪರ್ ಬರುವುದು ನಿಂತಿತು, ಉದ್ಯಾನಕ್ಕೆ ಬೀಗ ಬಿತ್ತು, ಅಲ್ಲಿನ ಬೆಂಚಿನ ಮೇಲೆ ಕೂತು ಕನ್ನಡದಲ್ಲಿ ಸರಕಾರವನ್ನು ಬೈಯುತ್ತಿದ್ದ ನಾಲ್ಕು ಮುದುಕರು ನಾಲ್ಕು ದಿಕ್ಕಿಗಾದರು. ಎರಡು ವಾರ ಅಪ್ಪ ಬಾಲ್ಕನಿಯ ಕುರ್ಚಿಯಲ್ಲಿ ಸುಮ್ಮನೆ ಕೂತರು. ಒಂದು ಮಧ್ಯಾಹ್ನ ಒಳಗೆ ಬಂದು, “ಮನಿಯೊಳಗ ಹುಣಸಿಬೀಜ ಅದಾವೇನು?” ಎಂದು ಕೇಳಿದರು.

ಬೀಜಗಳನ್ನು ಬಚ್ಚಲ ಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ಒಂದು ಮಗ್ಗುಲು ಬೆಳ್ಳಗೆ ಮಾಡಲು ಅವರಿಗೆ ಎರಡು ದಿನ ಹಿಡಿಯಿತು. ಆಮೇಲೆ ಟಿವಿಯ ಕೆಳಗೆ ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆಯ ಚೌಕಾಬಾರಾ ಬರೆದರು. ನನ್ನ ಮಲಗುವ ಹಾದಿಯಲ್ಲಿ ಎರಡು ಫರಶಿ ಕಡಿಮೆಯಾದವು. ಆಡುವುದು ಯಾರ ಜೊತೆಗೆ ಎಂದು ಕೇಳಿದರೆ, “ಅಣ್ಣನ ಜೋಡಿ” ಎಂದರು. ಅಣ್ಣ ಎಂದರೆ ನನ್ನ ದೊಡ್ಡಪ್ಪ. ಧಾರವಾಡದಲ್ಲಿ ಮಗನ ಮನೆಯಲ್ಲಿದ್ದರು. ಎಂಬತ್ತಾರು ವರ್ಷ.

ಹೀಗೆ ಫೋನಿನಲ್ಲಿ ಚೌಕಾಬಾರಾ ಶುರುವಾಯಿತು. ಅಲ್ಲಿಯೂ ನೆಲದ ಮೇಲೆ ಇಂಥದೇ ಒಂದು ಪಟ, ಇಲ್ಲಿಯೂ ಒಂದು. ಇಬ್ಬರೂ ತಮ್ಮ ತಮ್ಮ ಬೀಜ ಎಸೆದು ಬಿದ್ದ ಗರವನ್ನು ಫೋನಿನಲ್ಲಿ ಕೂಗಿ ಹೇಳುವುದು, ಎರಡೂ ಕಡೆ ಕಾಯಿ ನಡೆಸುವುದು. ದೊಡ್ಡಪ್ಪನಿಗೆ ಕಿವಿ ದಣಿಯುತ್ತಿತ್ತು. ಹಾಗಾಗಿ ದಿನಕ್ಕೆ ಒಬ್ಬೊಬ್ಬರಿಗೆ ಐದೇ ಗರ. ಒಂದು ಆಟ ಹದಿನೈದು ದಿನ ನಡೆಯುತ್ತಿತ್ತು. ನಾಲ್ಕು ಗಂಟೆಗೆ ಚಹಾ ಕುಡಿದು ಫೋನನ್ನು ಸ್ಪೀಕರಿಗೆ ಹಾಕಿ ಅಪ್ಪ ನೆಲದ ಮೇಲೆ ಕೂರುತ್ತಿದ್ದರು.

“ಅಣ್ಣಾ, ನಿಂದೇನ ಬಿತ್ತು?”

“ಭಾರಾ!”

ಭಾರಾ ಎಂದರೆ ಎಂಟು, ಎಲ್ಲಕ್ಕಿಂತ ದೊಡ್ಡ ಗರ. ದೊಡ್ಡಪ್ಪನಿಗೆ ದಿನಕ್ಕೆ ಮೂರು ಸಲವಾದರೂ ಭಾರಾ ಬೀಳುತ್ತಿತ್ತು. ಅಪ್ಪ ತುಟಿಪಿಟಕ್ಕೆನ್ನದೆ ಅಣ್ಣನ ಕಾಯಿ ಎಂಟು ಮನೆ ನಡೆಸುತ್ತಿದ್ದರು. “ಅವರು ಸುಳ್ಳು ಹೇಳೋದು ಗೊತ್ತಾಗ್ತದಲ್ಲಪ್ಪ,” ಎಂದರೆ, “ಹುಟ್ಟಿದಾಗಿಂದ ಗೊತ್ತದ. ಅವಂದು ಅವನ ಗರ, ನಾನೇನು ನೋಡೀನೇನು?” ಎನ್ನುತ್ತಿದ್ದರು. ನೆಲದ ಮೇಲೆ ಬಿದ್ದುಕೊಂಡು ಇದನ್ನು ಕೇಳುವುದು ನನಗೂ ಅಭ್ಯಾಸವಾಯಿತು. ಎದ್ದು ಕೂರುವ ಕಷ್ಟವೂ ಇಲ್ಲದ ಮನರಂಜನೆ. ಆ ದಿನಗಳಲ್ಲಿ ನಾನು ನಕ್ಕಿದ್ದೆನೆಂದರೆ ನಾಲ್ಕರಿಂದ ನಾಲ್ಕೂವರೆವರೆಗೆ.

ಎರಡನೆಯ ಆಟ ಅರ್ಧಕ್ಕೆ ಬಂದಿದ್ದಾಗ ಒಂದು ಬೆಳಿಗ್ಗೆ ಒಂಬತ್ತಕ್ಕೆ ಧಾರವಾಡದಿಂದ ದೊಡ್ಡಪ್ಪನ ಮಗ ನನ್ನ ಮೊಬೈಲಿಗೆ ಫೋನ್ ಮಾಡಿದ. ಅಪ್ಪ ಸ್ನಾನಕ್ಕೆ ಹೋಗಿದ್ದರು.

“ಅಪ್ಪಾ ಹೋದ್ನೋ,” ಎಂದ. “ಚಹಾ ಕುಡದು ಅಲ್ಲೇ ಕುರ್ಚ್ಯಾಗ ತಲಿ ಹಿಂದ ಹಾಕಿದ. ಜಡ್ಡಿಲ್ಲ ಏನಿಲ್ಲ.”

ನಾವು ಹೋಗುವುದು ಹೇಗೆ ಎಂಬ ಮಾತೇ ಏಳಲಿಲ್ಲ. ಜಿಲ್ಲೆ ದಾಟಲು ಪರವಾನಗಿ ಬೇಕು, ಗಡಿಯಲ್ಲಿ ತಡೆಯುತ್ತಾರೆ, ದಾಟಿದರೂ ಹದಿನಾಲ್ಕು ದಿನ ಎಲ್ಲೋ ಕೂಡಿಹಾಕುತ್ತಾರೆ. ನನ್ನ ಅಪ್ಪನ ವಿಷಯ ಅವನೇ ತೆಗೆದ: “ಕಾಕಾಗ ಈಗ ಹೇಳಬ್ಯಾಡ. ಹೆಂಗಾದ್ರೂ ಹೊಂಡ್ತೀನಿ ಅಂತ ಹಟಾ ಹಿಡೀತಾನ, ಇಲ್ಲಾ ಎದಿ ಹಿಡ್ಕೊಂಡು ಕೂಡ್ತಾನ. ಈ ಟೈಮಿನ್ಯಾಗ ದವಾಖಾನಿ ಅಂದ್ರ ಏನು ಗತಿ? ಎಲ್ಲಾ ತಣ್ಣಗಾಗಲಿ, ಎದುರಾ ಎದುರು ಕೂಡಿಸಿಕೊಂಡು ಹೇಳೂಣು.”

ಹೂಂ ಎಂದೆ. ಸರಿ ಅನ್ನಿಸಿತ್ತು. ಈಗಲೂ ಅದು ಪೂರ್ತಿ ತಪ್ಪೆಂದು ಹೇಳಲಾರೆ. ಅಡಿಗೆಮನೆಗೆ ಹೋಗಿ ಹೆಂಡತಿಗೆ ಪಿಸುಮಾತಿನಲ್ಲಿ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಬಚ್ಚಲಮನೆಯಲ್ಲಿ ನೀರಿನ ಸದ್ದು ನಿಂತಿತು, ನಾವಿಬ್ಬರೂ ಮುಖ ಸರಿಮಾಡಿಕೊಂಡೆವು. ಅಳಬೇಕೆನಿಸಿತು. ಎಲ್ಲಿ ಅಳುವುದು? ಟೆರೇಸಿಗೆ ಚೇರ್ಮನ್ನರು ಬೀಗ ಜಡಿದಿದ್ದರು. ಇರುವುದು ಎರಡು ಕೋಣೆ, ಒಂದು ಹಾಲ್. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ದೊಡ್ಡಪ್ಪ ಧಾರವಾಡದಿಂದ ಬಂದು, ಲೋಕಲಿನಲ್ಲಿ ನನ್ನ ಜೊತೆ ಚಿಂಚವಾಡದವರೆಗೂ ಪ್ರಯಾಣಿಸಿ, ಸಂಜೆ ಶಿಫ್ಟ್ ಮುಗಿಯುವವರೆಗೆ ಗೇಟಿನ ಹೊರಗೆ ಚಹಾದಂಗಡಿಯಲ್ಲಿ ಕೂತಿದ್ದರು. “ಹುಡುಗ ಓಡಿ ಬಂದ್ರ ಹಿಡಿಯಾಕ ಯಾರರೆ ಬೇಕಲ್ಲ,” ಎಂದು ಚೇಷ್ಟೆ ಮಾಡಿದ್ದರು. ಅಂಥ ಮನುಷ್ಯ ಹೋದ ದಿನ ನಾನು ಹನ್ನೊಂದಕ್ಕೆ ಮೀಟಿಂಗಿನಲ್ಲಿ ಕೂತು ಕೇಳಿಸ್ತಾ ಇದೆ, ಕೇಳಿಸ್ತಾ ಇದೆ ಎಂದೆ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಸಾರು ಬಂತು. ಬಾಯಿಗಿಟ್ಟ ಮೇಲೆ ಗೊತ್ತಾಯಿತು: ಒಗ್ಗರಣೆ ಇಲ್ಲ. ನಮ್ಮಲ್ಲಿ ಸೂತಕದ ಮನೆಯಲ್ಲಿ ಹತ್ತು ದಿನ ಒಗ್ಗರಣೆ ಹಾಕುವುದಿಲ್ಲ, ದೇವರ ಪೂಜೆ ಇಲ್ಲ. ದೊಡ್ಡಪ್ಪ ಹೋದರೆ ನಮ್ಮ ಮನೆಗೂ ಸೂತಕ. ಹೆಂಡತಿ ಬೇಕೆಂದು ಮಾಡಿದ್ದಲ್ಲ. ಸುದ್ದಿಯನ್ನು ಬಚ್ಚಿಡಲು ಒಪ್ಪಿದ್ದಳು, ಅವಳ ಕೈ ಮಾತ್ರ ಸಾಸಿವೆ ಡಬ್ಬಿಯ ಕಡೆಗೆ ಹೋಗಿರಲಿಲ್ಲ. ನಾನು ಅವಳನ್ನು ನೋಡಿದೆ. ಅವಳು ಸೌಟು ಹಿಡಿದು ನಿಂತಲ್ಲೇ ನಿಂತಿದ್ದಳು. ಅಪ್ಪ ಅನ್ನ ಕಲಸಿದರು, ಎರಡು ತುತ್ತು ತಿಂದರು, ಸ್ವಲ್ಪ ಹೊತ್ತು ತಟ್ಟೆ ನೋಡಿದರು.

“ಸಾರು ಛಲೋ ಆಗೇದ,” ಎಂದರು. “ಇನ್ನೊಂದೀಟು ದಿನ ಹಿಂಗಽ ಮಾಡವಾ. ಒಗ್ಗರಣಿ ಹಾಕಿದ್ರ ಎದಿ ಉರೀತದ ನನಗ.”

ಗಂಡ ಹೆಂಡತಿ ಇಬ್ಬರೂ ಬದುಕಿದೆವು ಅಂದುಕೊಂಡೆವು. ವಯಸ್ಸಾಯಿತು, ನಾಲಿಗೆಯ ರುಚಿ ಹೋಗಿದೆ, ಅಸಿಡಿಟಿ ಬೇರೆ ಎಂದು ಅವಳು ಪಾತ್ರೆ ತಿಕ್ಕುತ್ತ ಹೇಳಿದಳು. ನಾನೂ ಹೌದೆಂದೆ.

ನಾಲ್ಕು ಗಂಟೆಗೆ ಅಪ್ಪ ಪಟದ ಮುಂದೆ ಕೂತರು. ನಾನು ಮೊದಲೇ ಸುಳ್ಳನ್ನು ತಯಾರಿಟ್ಟುಕೊಂಡಿದ್ದೆ. ದೊಡ್ಡಪ್ಪನ ಗಂಟಲು ಕೂತಿದೆ, ಮಾತಾಡಬಾರದೆಂದು ಡಾಕ್ಟರು ಹೇಳಿದ್ದಾರೆ, ಗರ ಏನು ಬಿತ್ತೆಂಬುದನ್ನು ಅವರ ಮಗ ನನ್ನ ಮೊಬೈಲಿಗೆ ಬರೆದು ಕಳಿಸುತ್ತಾನೆ. ಅಪ್ಪ ನನ್ನನ್ನೇ ನೋಡಿದರು.

“ಗಂಟಲಾ?”

“ಹೂಂ, ಗಂಟಲಽ. ಬರೇ ಗಂಟಲು.”

“ಆತು. ಹಂಗಾದ್ರ ನೀನಽ ಹೇಳು, ಏನ ಬಿದ್ದದ.”

ನಾನು ಮೊಬೈಲ್ ನೋಡುವವನ ಹಾಗೆ ನೋಡಿ, “ಮೂರು,” ಎಂದೆ. ಅಪ್ಪ ದೊಡ್ಡಪ್ಪನ ಕಾಯಿ, ಅದೊಂದು ಅಡಿಕೆಯ ಚೂರು, ಮೂರು ಮನೆ ನಡೆಸಿದರು.

ಮರುದಿನದಿಂದ ಅದು ನನ್ನ ನೌಕರಿಯಾಯಿತು. ತೀರಿಹೋದವರ ಹೆಸರಿನಲ್ಲಿ ದಿನಕ್ಕೆ ಐದು ಗರ ಕಲ್ಪಿಸಿ ಹೇಳುವುದು. ಕೇಳಲು ಏನೂ ಅಲ್ಲ, ನೆಲದ ಮೇಲೆ ಮಲಗಿಕೊಂಡೇ ಮಾಡಬಹುದಾದ ಕೆಲಸ. ಆದರೆ ಮಧ್ಯಾಹ್ನ ಒಂದರಿಂದಲೇ ಗಡಿಯಾರ ನೋಡಲು ಶುರುಮಾಡುತ್ತಿದ್ದೆ. ನಾಲ್ಕಾಗದಿರಲಿ ಅನ್ನಿಸುತ್ತಿತ್ತು, ನಾಲ್ಕಾಗಿ ಮುಗಿದುಹೋದರೆ ಸಾಕು ಎಂದೂ ಅನ್ನಿಸುತ್ತಿತ್ತು. ಎರಡು, ಒಂದು, ಮೂರು, ಎರಡು, ಎರಡು. ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ. ನಾಲ್ಕನೆಯ ದಿನ ಅಪ್ಪ ತಲೆ ಎತ್ತದೆ ಹೇಳಿದರು: “ಗಂಟಲು ಕೂತಾಗಿಂದ ಅಣ್ಣ ಭಾಳ ಪ್ರಾಮಾಣಿಕ ಆಗ್ಯಾನ.” ಮರುದಿನ ಎರಡು ಭಾರಾ ಹಾಕಿದೆ.

ಪೂಜೆಯದು ಇನ್ನೊಂದು ಕಥೆ. ದಿನಾ ಸ್ನಾನ ಮಾಡಿ ದೇವರ ಪೂಜೆ ಮಾಡುವವರು ಅಪ್ಪ. ಮಾಡಬೇಡಿ ಅನ್ನುವುದು ಹೇಗೆ, ಸೂತಕದಲ್ಲಿ ಮಾಡಲು ಬಿಡುವುದು ಹೇಗೆ ಎಂದು ನಾವಿಬ್ಬರೂ ತಲೆ ಕೆಡಿಸಿಕೊಂಡಿದ್ದೆವು. ಎರಡನೆಯ ದಿನ ಬೆಳಿಗ್ಗೆ ಅವರೇ ಟೊಂಕದ ಮೇಲೆ ಕೈಯಿಟ್ಟುಕೊಂಡು ಬಂದರು. “ಟೊಂಕ ಹಿಡಕೊಂಡದ. ಕೆಳಗ ಕೂಡಾಕ ಆಗವಲ್ದು. ಪೂಜಾ ನೀ ಮಾಡು.” ಆಗಬಹುದು ಅಂದೆ, ಆಮೇಲೆ ಆಫೀಸಿನ ಕಾಲ್ ಬಂತೆಂದು ನುಣುಚಿಕೊಂಡೆ. ಮರುದಿನವೂ ಅದೇ. ಅವರಿಗೆ ಟೊಂಕ, ನನಗೆ ಕಾಲ್. ದೇವರ ಮುಂದೆ ಹೂವು ಒಣಗಿ ಕಂದಾಯಿತು. ಅಪ್ಪ ಆ ಕಡೆ ನೋಡಿಯೂ ಕೇಳಲಿಲ್ಲ, ಬೈಯಲಿಲ್ಲ. ಅದೇ ಟೊಂಕ ಸಂಜೆ ನಾಲ್ಕಕ್ಕೆ ಪಟದ ಮುಂದೆ ನೆಲದ ಮೇಲೆ ಸಲೀಸಾಗಿ ಮಡಚಿ ಕೂರುತ್ತಿತ್ತು. ಇದು ಕಣ್ಣಿಗೆ ಬಿದ್ದರೂ ನನ್ನ ತಲೆಗೆ ಹೋಗಲಿಲ್ಲ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ. ನಾನು ಕುರುಡನಾಗಿರಲಿಲ್ಲ, ಸೋತಿದ್ದೆ. ಅವರು ಕೇಳದಿದ್ದರೆ ನನಗೊಂದು ಸುಳ್ಳು ಉಳಿಯುತ್ತಿತ್ತು, ಅಷ್ಟೇ ನನಗೆ ಬೇಕಾಗಿದ್ದದ್ದು.

ಅಣ್ಣನಿಗೆ ಹೇಗಿದೆ ಎಂದು ಕೂಡ ಅವರು ಮತ್ತೆ ಕೇಳಲಿಲ್ಲ. ಅದೂ ಒಳ್ಳೆಯದೇ ಆಯಿತೆಂದುಕೊಂಡೆ.

ಹತ್ತನೆಯ ದಿನ ಬಂತು. ದೊಡ್ಡಪ್ಪನ ಮೂರು ಕಾಯಿ ನಡುವಿನ ಮನೆ ಸೇರಿ ಹಣ್ಣಾಗಿದ್ದವು. ಅಪ್ಪ ಕೆಲವು ದಿನಗಳಿಂದ ಮಹಾ ದಡ್ಡಾಟ ಆಡುತ್ತಿದ್ದರು. ಹೊಡೆಯಬಹುದಾದ ಕಾಯಿಯನ್ನು ಹೊಡೆಯುತ್ತಿರಲಿಲ್ಲ, ಮುಂದೆ ಹೋಗಬೇಕಾದದ್ದನ್ನು ಬಿಟ್ಟು ಹಿಂದಿನದನ್ನು ನಡೆಸುತ್ತಿದ್ದರು. ವಯಸ್ಸು ಎಂದು ಅದಕ್ಕೂ ಒಂದು ಹೆಸರಿಟ್ಟಿದ್ದೆ. ಅವತ್ತು ನನಗೆ ಸಾಕಾಗಿ ಹೋಗಿತ್ತು. ಹೇಗಾದರೂ ಮಾಡಿ ಈ ಆಟ ಮುಗಿಸಬೇಕು, ನಾಳೆಯಿಂದ ದೊಡ್ಡಪ್ಪನಿಗೆ ಆಟ ಬೇಸರವಾಗಿದೆ ಎಂದರಾಯಿತು. ಎದ್ದು ಕೂತು ಪಟ ನೋಡಿದೆ. ಕೊನೆಯ ಅಡಿಕೆಚೂರು ನಡುಮನೆಗೆ ಎರಡು ಮನೆ ಹಿಂದಿತ್ತು.

“ಏನ ಬಿತ್ತು?” ಎಂದರು ಅಪ್ಪ.

“ಎರಡು.”

ಅವರು ಅಡಿಕೆಚೂರನ್ನು ಒಂದು ಮನೆ ಸರಿಸಿದರು. ತಡೆದರು. ಇನ್ನೊಂದು ಮನೆ ಸರಿಸಿದರು.

“ಹಣ್ಣಾತು,” ಎಂದರು.

ನಾಲ್ಕೂ ಹುಣಸೆಬೀಜಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಒಳಗೆ ಹೋಗಿ ಮಲಗಿಬಿಟ್ಟರು. ನಾನು ಹಾಯಾಗಿ ಫರಶಿಯ ಮೇಲೆ ಕಾಲು ಚಾಚಿದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಹಾಲಿಗೆ ಬಂದರೆ ಅಪ್ಪ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಿನಲ್ಲಿ ಕೂತಿದ್ದರು. ಮುಂದೆ ಒಂದು ತಾಟು. ತಾಟಿನಲ್ಲಿ ಎರಡು ಹೊಸ ಜನಿವಾರ, ಅರಿಷಿಣ ಹಚ್ಚಿದ್ದವು. ಸೂತಕ ಕಳೆದು ಹನ್ನೊಂದನೆಯ ದಿನ ಹಳೆಯ ಜನಿವಾರ ತೆಗೆದು ಹೊಸದು ಹಾಕಿಕೊಳ್ಳುವುದು ನಮ್ಮ ಪದ್ಧತಿ.

“ತಲಿಗೆ ಎರಕೊಂಡು ಬಾ,” ಎಂದರು. “ನಿಂದೂ ಬದಲಿ ಮಾಡಬೇಕು. ಹತ್ತ ದಿವಸ ಮುಗೀತು.”

“ಎದರದು ಹತ್ತ ದಿವಸ?” ಎಂದೆ. ಅಷ್ಟಾದ ಮೇಲೂ ನನ್ನ ಬಾಯಿ ಸುಳ್ಳನ್ನೇ ಹಿಡಿದುಕೊಂಡಿತ್ತು.

“ಸಾಕೋ ಇನ್ನ,” ಎಂದರು ಅಪ್ಪ. ಸಿಟ್ಟಿರಲಿಲ್ಲ, ನನ್ನಷ್ಟೇ ದಣಿದಿದ್ದರು. “ಈ ಮನಿಗೆ ಬಂದು ಇಪ್ಪತ್ತೇಳು ವರ್ಷಾತು, ನಿನ್ನ ಹೆಂಡ್ತಿ ಒಂದ ದಿನಾ ಒಗ್ಗರಣಿ ಮರತಾಕಿ ಅಲ್ಲ. ಅವತ್ತಽ ತಿಳೀತು ಯಾರೋ ಹೋದ್ರು ಅಂತ. ನಾಕಕ್ಕ ನೀ ಗಂಟಲದ ಸುದ್ದಿ ಹೇಳಿದಿ. ಯಾರು ಅನ್ನೂದೂ ತಿಳೀತು.”

ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಮತ್ಯಾಕ ಹೇಳಲಿಲ್ಲ ಅಪ್ಪಾ?”

“ಏನ ಹೇಳ್ಲಿ? ನಾ ಎದಿ ಹಿಡ್ಕೋತೀನಿ ಅಂತ ನೀವಿಬ್ರೂ ದಿನಾ ಸಾಯಾಕತ್ತಿದ್ರಿ. ಗೊತ್ತದ ಅಂತ ಅಂದಿದ್ರ ಹಗಲೂ ರಾತ್ರಿ ನನ್ನ ನಾಡಿ ಹಿಡಕೊಂಡು ಕೂಡತಿದ್ರಿ.” ತಾಟಿನಲ್ಲಿದ್ದ ಜನಿವಾರವನ್ನು ಸರಿಮಾಡಿದರು. “ಮತ್ತ ಅಣ್ಣನ ಆಟ ಅರ್ಧಾ ಉಳದಿತ್ತು. ಅದನ್ನರೆ ಮುಗಿಸಬೇಕಾಗಿತ್ತಲ್ಲ.”

ನಾನು ಸ್ನಾನ ಮಾಡಿ ಬಂದೆ. ಜನಿವಾರ ಬದಲಾಯಿಸಿಕೊಂಡೆ, ಅವರೇ ಮಂತ್ರ ಹೇಳಿದರು, ಧ್ವನಿ ಎಲ್ಲೂ ನಡುಗಲಿಲ್ಲ. ಎಲ್ಲ ಮುಗಿದ ಮೇಲೆ ಧಾರವಾಡದ ಫೋನ್ ಹಚ್ಚಿಕೊಡು ಎಂದರು. ಹಚ್ಚಿಕೊಟ್ಟೆ. ಫೋನನ್ನು ಕಿವಿಗಿಡುವ ಮೊದಲು ನಮ್ಮಿಬ್ಬರ ಕಡೆ ನೋಡಿದರು.

“ಈಗ ನೀವು ಹೊರಗ ಹೋಗ್ರಿ. ವೈನಿ ಜೋಡಿ ಮಾತಾಡಬೇಕು. ನಂಗ ಅಳಬೇಕಾಗೇದ. ಹತ್ತ ದಿವಸಾತು, ನಿಮ್ಮ ಸಲುವಾಗಿ ಅತ್ತಿಲ್ಲ ನಾನು.”

ವೈನಿ ಎಂದರೆ ಅವರ ಅತ್ತಿಗೆ, ನನ್ನ ದೊಡ್ಡಮ್ಮ. ನಾನು ಏನೋ ಹೇಳಲು ಹೋದೆ, ಹೆಂಡತಿ ತೋಳು ಹಿಡಿದು ಎಳೆದಳು. ಹೊರಗೆ ಹೋಗುವುದೆಂದರೆ ಎಲ್ಲಿಗೆ? ಮಾಸ್ಕ್ ಕಟ್ಟಿಕೊಂಡು ಮೆಟ್ಟಿಲ ಬಳಿ ನಿಂತೆವು. ಬಾಗಿಲು ಮುಚ್ಚಿಕೊಂಡಿತು. ಒಳಗಿಂದ “ವೈನೀ, ನಾನ್ರೀ,” ಎಂಬುದಷ್ಟು ಕೇಳಿಸಿತು. ಆಮೇಲೆ ಮಾತು ಕೇಳಿಸಲಿಲ್ಲ. ಎಂಬತ್ತೊಂದು ವರ್ಷದವರು ಹಾಗೆ ದೊಡ್ಡ ದನಿ ತೆಗೆದು ಅಳುವುದನ್ನು ನಾನು ಅದೇ ಮೊದಲು ಕೇಳಿದ್ದು. ಹೆಂಡತಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅವರ ಎದೆಯ ಬಗ್ಗೆ ಅಷ್ಟು ಚಿಂತೆ ಮಾಡಿದವನು, ಆ ಎದೆಯಲ್ಲಿ ಹತ್ತು ದಿನ ಇದನ್ನು ಅವರು ಹೇಗೆ ಇಟ್ಟುಕೊಂಡಿದ್ದರು ಎಂದು ಯೋಚಿಸಿಯೇ ಇರಲಿಲ್ಲ.

ಎದುರಿನ ಫ್ಲಾಟಿನ ಬಾಗಿಲು ಸ್ವಲ್ಪ ತೆರೆಯಿತು. ಅಲ್ಲಿನ ಮರಾಠಿ ಮುದುಕಿ, ಆಜಿ, ಜಾಳಿಗೆ ಬಾಗಿಲ ಹಿಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತು, ಏನಾಯಿತು ಎಂದು ಕೇಳಿದರು.

“ನಮ್ಮ ದೊಡ್ಡಪ್ಪ ಹೋದರು,” ಎಂದೆ ಮರಾಠಿಯಲ್ಲಿ. ಆ ಮಾತನ್ನು ನಾನು ಬಾಯಿಬಿಟ್ಟು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲ ಸಲ. ಹೆಂಡತಿಯ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ, ಮಾಸ್ಕ್ ಒದ್ದೆಯಾಗತೊಡಗಿತು.

“ಅಯ್ಯೋ ದೇವಾ. ಕಧೀ?” ಎಂದರು ಆಜಿ. ಯಾವಾಗ ಎಂದು.

“ಆಜ್,” ಎಂದೆ. ಇವತ್ತು.